ಪ್ರಯಾಣದಲ್ಲಿರುವವರ ಯಾದಿ

ಸುರೇಖಾಳಿಗೆ ಯೇಸುವಿನ ಪರಿಚಯವಾದದ್ದು ಗಂಡನ ಕಡೆಯಿಂದ. ಹಿತ್ತಾಳೆಯ ಹಂಡೆ, ಹಳೆಯ ಹೊಲಿಗೆ ಯಂತ್ರ, ಬಾಗಿಲು ಸರಿಯಾಗಿ ಕೂಡದ ಕಪಾಟು ಇವುಗಳ ಹಾಗೆ, ಅವಳು ಹೊಸ್ತಿಲು ದಾಟುವ ಮೊದಲೇ ಆ ಮನೆಯಲ್ಲಿದ್ದ ಇನ್ನೊಂದು ಸಂಗತಿ ಅದು.

ಅವಳು ಹಲಗೇರಿಯ ಗದಿಗೆವ್ವನ ಕೊನೆಯ ಮಗಳು. ಅವರ ಹೊಲದ ಬೋರಿನ ಮೋಟಾರು ಒಂದೇ ಬೇಸಿಗೆಯಲ್ಲಿ ಮೂರು ಸಲ ಸುಟ್ಟಿತ್ತು. ಮೂರು ಸಲವೂ ಅಣ್ಣನ ಜೊತೆ ಟಂಟಂ ಗಾಡಿಯಲ್ಲಿ ಮೋಟಾರು ಹೇರಿಕೊಂಡು ರಾಣೆಬೆನ್ನೂರಿಗೆ ಬಂದವಳು ಅವಳೇ. ಅಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಪ್ರವೀಣಕುಮಾರ ತಾಮ್ರದ ತಂತಿ ಸುತ್ತುತ್ತ ಕುಳಿತಿರುತ್ತಿದ್ದ. ಮಾತು ಕಡಿಮೆ, ನಗು ಚಂದ. ಮೂರನೆಯ ಸಲ ಮೋಟಾರು ಸುಟ್ಟದ್ದು ಕರೆಂಟಿನ ತಪ್ಪೋ ತಂಗಿಯ ತಪ್ಪೋ ಎಂದು ಅಣ್ಣ ಇವತ್ತಿಗೂ ಕೇಳುತ್ತಾನೆ.

ಪ್ರವೀಣನದು ಮೂರು ತಲೆಮಾರಿನ ಕ್ರಿಸ್ತ ಕುಟುಂಬ. ತಾಯಿ ಎಸ್ತೇರವ್ವ ಮೋಟೆಬೆನ್ನೂರಿನವಳು, ಅಲ್ಲಿಯ ಹಳೆಯ ಚರ್ಚಿನ ಗಂಟೆ ಬಾರಿಸುತ್ತಿದ್ದವನ ಮಗಳು. ತಂದೆ ಎಂದೋ ತೀರಿಕೊಂಡು ಆ ಊರಿನಲ್ಲೇ ಮಣ್ಣಾಗಿದ್ದ. ಮದುವೆಗೆ ಮುಂಚೆ ಸುರೇಖಾ ದೀಕ್ಷಾಸ್ನಾನ ಮಾಡಿಸಿಕೊಂಡಳು. ಯಾರೂ ಒತ್ತಾಯ ಮಾಡಿರಲಿಲ್ಲ. ಅವನ ಮನೆಗೆ ಹೋಗುವುದೆಂದರೆ ಅವನ ಪ್ರಾರ್ಥನೆಗೂ ಹೋಗುವುದು ಎಂದು ಅವಳು ತಿಳಿದಿದ್ದಳು, ಅಷ್ಟೇ. ತಲೆಯ ಮೇಲೆ ನೀರು ಬಿದ್ದಾಗ ಅವಳಿಗೆ ಬಂದ ಯೋಚನೆ, ಅವ್ವ ಅಷ್ಟು ಹೊತ್ತು ಕುಳಿತು ಹಾಕಿದ ಜಡೆ ಹಾಳಾಯಿತಲ್ಲ ಎಂಬುದು. ಗದಿಗೆವ್ವ ಮದುವೆಗೆ ಬಂದಳು, ಉಂಡಳು, ಹೋಗುವಾಗ ಮಗಳ ಹಣೆಗೆ ತಮ್ಮೂರ ಗುಡಿಯ ಭಂಡಾರದ ಅರಿಸಿನ ಹಚ್ಚಿ ಹೋದಳು. ಎಸ್ತೇರವ್ವ ನೋಡಿಯೂ ಸುಮ್ಮನಿದ್ದಳು.

ಆರು ವರ್ಷ ಹಾಗೆಯೇ ಕಳೆದವು. ಮಕ್ಕಳಾಗಲಿಲ್ಲ. ಭಾನುವಾರ ಮೂವರೂ ಚರ್ಚಿಗೆ ಹೋಗುತ್ತಿದ್ದರು. ಪ್ರವೀಣ ಗಂಡಸರ ಸಾಲಿನಲ್ಲಿ ಕುಳಿತು ಮೆಲುದನಿಯಲ್ಲಿ ಹಾಡುತ್ತಿದ್ದ. ಸುರೇಖಾ ಬಾಯಿ ಆಡಿಸುತ್ತಿದ್ದಳು. ಬೈಬಲ್ ಓದುವಾಗ ಬರುವ ‘ರೊಟ್ಟಿ’ ಎಂಬ ಮಾತು ಕೇಳಿ ಅದು ಜೋಳದ ರೊಟ್ಟಿಯೇ ಎಂದು ಮೊದಲೆರಡು ವರ್ಷ ಅವಳು ತಿಳಿದಿದ್ದಳು. ಗಂಡನಿಗೆ ಹೇಳಿದಾಗ ಅವನು ಊಟ ಬಿಟ್ಟು ನಕ್ಕಿದ್ದ.

ಎರಡು ಸಾವಿರದ ಇಪ್ಪತ್ತೆರಡರ ಜುಲೈ ತಿಂಗಳು, ಒಂದು ಸೋಮವಾರ. ಪ್ರವೀಣ ಎಂದಿನಂತೆ ಎದ್ದ, ಸ್ನಾನ ಮಾಡಿದ, ಎರಡು ರೊಟ್ಟಿ ಹೆಸರುಕಾಳಿನ ಪಲ್ಯ ತಿಂದ. “ಹುಬ್ಬಳ್ಳಿಗೆ ಹೋಗಿ ತಂತಿ ತರ್ತೇನಿ, ಸಂಜೀಕ ಬರ್ತೇನಿ” ಎಂದ. ಬೈಕನ್ನು ರೈಲು ನಿಲ್ದಾಣದಲ್ಲಿ ನಿಲ್ಲಿಸಿದ, ರೈಲು ಹತ್ತಿದ. ಅಲ್ಲಿಂದ ಮುಂದೆ ಏನಾಯಿತೋ ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಫೋನು ಸ್ವಿಚ್ ಆಫ್ ಆಗಿತ್ತು. ಬೈಕು ನಿಲ್ದಾಣದಲ್ಲೇ ಇತ್ತು. ತಂತಿಯ ಅಂಗಡಿಯವರು ಆ ದಿನ ಅವನನ್ನು ನೋಡಿರಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಂಡ ಹವಾಲ್ದಾರ ಗುಡದಪ್ಪ ಒಳ್ಳೆಯ ಮನುಷ್ಯ, ನಿವೃತ್ತಿಗೆ ನಾಲ್ಕು ವರ್ಷ ಇದ್ದವನು. ರೈಲು ನಿಲ್ದಾಣಗಳ ಕ್ಯಾಮೆರಾಗಳನ್ನೆಲ್ಲ ನೋಡಿ ಬಂದು ಹೇಳಿದ: “ಗಾಡಿ ಹತ್ತೂದು ಕಾಣಸ್ತೈತಿ ತಂಗೆವ್ವಾ. ಇಳಿಯೂದು ಎಲ್ಲೂ ಕಾಣಸವಲ್ದು. ಬ್ಯಾಡಗಿ ನೋಡೇನಿ, ಹಾವೇರಿ ನೋಡೇನಿ, ಹುಬ್ಬಳ್ಳಿತನಕಾ ನೋಡೇನಿ.”

“ಹಂಗಾರ ಗಾಡಿಯೊಳಗs ಅದಾರ ಏನ್ರಿ ಇನ್ನೂ?” ಎಂದು ಕೇಳಿಬಿಟ್ಟಳು ಸುರೇಖಾ. ಕೇಳಿದ ಮೇಲೆ ತನ್ನ ಮಾತು ತನಗೇ ತಿಳಿಯಲಿಲ್ಲ. ಗುಡದಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಜಗಳ ಆಗಿತ್ತೇ? ಇಲ್ಲ. ಸಾಲ ಇತ್ತೇ? ಇಲ್ಲ. ಬೇರೆ ಹೆಂಗಸು? ಇದ್ದರೆ ಆ ಊರಿನಲ್ಲಿ ಮುಚ್ಚಿಡುವುದು ಸಾಧ್ಯವಿರಲಿಲ್ಲ. ಹೋಗುವ ಮುಂಚಿನ ಒಂದು ತಿಂಗಳು ಅವನು ಅಂಗಡಿಯ ಶಟರ್ ಅರ್ಧ ಇಳಿಸಿ ಒಳಗೆ ಸುಮ್ಮನೆ ಕೂರುತ್ತಿದ್ದನೆಂದು ಎದುರಿನ ಟೈರಿನ ಅಂಗಡಿಯವನು ಹೇಳಿದ. ಬಿಸಿಲಿಗೆ ಇಳಿಸಿದ್ದನೋ, ಮನಸ್ಸಿಗೇನಾದರೂ ಆಗಿತ್ತೋ? ಸುರೇಖಾ ಆ ಒಂದು ತಿಂಗಳನ್ನು ದಿನ ದಿನ ಬಿಡಿಸಿ ನೋಡಿದಳು. ಒಂದು ದಿನ ಅವನು ಚಹಾಕ್ಕೆ ಸಕ್ಕರೆ ಬೇಡ ಅಂದಿದ್ದ. ಇನ್ನೊಂದು ದಿನ ಅವಳ ಹೆಸರು ಕರೆದು, ಏನೆಂದು ಕೇಳಿದರೆ “ಏನಿಲ್ಲ” ಅಂದಿದ್ದ. ಇದಕ್ಕೆಲ್ಲ ಅರ್ಥ ಇತ್ತೇ? ಎಲ್ಲಕ್ಕೂ ಇದ್ದಂತೆಯೂ, ಯಾವುದಕ್ಕೂ ಇಲ್ಲದಂತೆಯೂ ಕಾಣುತ್ತಿತ್ತು.

ಗದಿಗೆವ್ವ ಅವಳನ್ನು ಕಣಿ ಹೇಳುವವರ ಹತ್ತಿರ ಕರೆದೊಯ್ದಳು. ಒಬ್ಬ ತೆಂಕಣಕ್ಕೆ ಹೋಗಿದ್ದಾನೆ ಅಂದ, ಇನ್ನೊಬ್ಬ ಬಡಗಣಕ್ಕೆ ಅಂದ. ಮೂರನೆಯವಳು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತು, ನೀರಿನ ಸಮೀಪ ಇದ್ದಾನೆ ಅಂದಳು. ನೀರಿನ ಸಮೀಪವೋ ನೀರಿನ ಒಳಗೋ ಎಂದು ಸುರೇಖಾ ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

ಚರ್ಚಿನಲ್ಲಿ ಆರಾಧನೆಯ ನಡುವೆ ಸಭಾಪಾಲಕರು ಮೂರು ಯಾದಿ ಓದಿ ಪ್ರಾರ್ಥಿಸುವ ರೂಢಿ ಇತ್ತು. ಕಾಯಿಲೆ ಬಿದ್ದವರದು ಒಂದು, ಪ್ರಯಾಣದಲ್ಲಿರುವವರದು ಇನ್ನೊಂದು, ಸಾವಾದ ಮನೆಗಳದು ಮೂರನೆಯದು. ಆಗಿನ ಸಭಾಪಾಲಕ ಜಯಶೀಲ ಧಾರವಾಡದಿಂದ ಹೊಸದಾಗಿ ಬಂದ ಹುಡುಗ, ಮೂವತ್ತು ದಾಟಿರಲಿಲ್ಲ. ಮೊದಲ ಭಾನುವಾರ ಅವರು ಮನೆಗೆ ಬಂದು, ಕೈಯಲ್ಲಿ ಚಿಕ್ಕ ಡೈರಿ ಹಿಡಿದು ಕುಳಿತರು.

“ಪ್ರವೀಣಣ್ಣಾರ ಹೆಸರು ಯಾವ ಯಾದಿಯೊಳಗ ಬರೀಲಿ ಸಿಸ್ಟರ್?”

ಸುರೇಖಾ ಅತ್ತೆಯ ಮುಖ ನೋಡಿದಳು. ಎಸ್ತೇರವ್ವ ಗೋಡೆ ನೋಡುತ್ತಿದ್ದಳು.

“ನಿಮಗ ಗೊತ್ತಿರತೈತಿ ಅನ್ಕೊಂಡಿದ್ನಿ” ಎಂದಳು ಸುರೇಖಾ.

“ನನಗೂ ಗೊತ್ತಿಲ್ರಿ” ಎಂದರು ಜಯಶೀಲ. ಅವರ ಕಿವಿ ಕೆಂಪಾಗಿದ್ದವು. ಕೊನೆಗೆ, ಮನೆಯಿಂದ ಹೊರಟದ್ದಂತೂ ಹೌದಲ್ಲ, ಎಂದು ಪ್ರಯಾಣದಲ್ಲಿರುವವರ ಯಾದಿಯಲ್ಲಿ ಬರೆದರು. ಮುಂದಿನ ಭಾನುವಾರ ಗೋವಾಕ್ಕೆ ಹೋದ ಒಬ್ಬ ಲಾರಿ ಡ್ರೈವರ್, ಮಗಳ ಬಾಣಂತನಕ್ಕೆ ಪುಣೆಗೆ ಹೋದ ಒಬ್ಬ ಹೆಂಗಸು, ಅವರ ನಂತರ ‘ನಮ್ಮ ಸಹೋದರ ಪ್ರವೀಣಕುಮಾರ’ ಎಂದು ಓದಿದರು. ಡ್ರೈವರ್ ಬಂದ. ಬಾಣಂತನಕ್ಕೆ ಹೋದವಳೂ ಬಂದಳು. ಯಾದಿಯಲ್ಲಿ ಹೊಸ ಹೆಸರು ಸೇರಿದವು, ಹಳೆಯವು ಬಿಟ್ಟುಹೋದವು. ಪ್ರವೀಣನದು ಮಾತ್ರ ವಾರ ವಾರ ಹಾಗೆಯೇ ಉಳಿಯಿತು.

ಅವಳ ಕಷ್ಟ ಒಂದೇ ಬಗೆಯದಾಗಿರಲಿಲ್ಲ. ಬಳೆಗಾರತಿ ಬಂದಾಗ ಕೈ ಮುಂದೆ ಮಾಡಬೇಕೋ ಬಾರದೋ? ರೇಷನ್ ಕಾರ್ಡಿನ ಕಚೇರಿಯಲ್ಲಿ “ಗಂಡ ಅದಾನೋ ಇಲ್ಲೋ?” ಎಂದು ಕೇಳಿದರೆ ಏನು ಹೇಳುವುದು? ಮದುವೆಯ ಮನೆಯಲ್ಲಿ ಆರತಿ ತಟ್ಟೆ ಅವಳ ಮುಂದೆ ಬಂದು, ಅರೆಗಳಿಗೆ ನಿಂತು, ಮುಂದೆ ಹೋಗುತ್ತಿತ್ತು. ಹೆಂಡತಿಯಾಗಿ ಕಾಯುವುದೋ ವಿಧವೆಯಾಗಿ ಅಳುವುದೋ ತಿಳಿಯದೆ ಅವಳು ಎರಡನ್ನೂ ಅರ್ಧರ್ಧ ಮಾಡುತ್ತಿದ್ದಳು.

ಹೊಟ್ಟೆಗೆ ಬೇಕಲ್ಲ ಎಂದು ಬಸ್‌ಸ್ಟ್ಯಾಂಡಿನ ಹತ್ತಿರ ಶ್ರೀದೇವಿ ಎಂಬವಳ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಂಟರಿಂದ ಮೂರರತನಕ. ಬೀಜದ ಕಂಪನಿಗಳ ಏಜೆಂಟರು, ಬಸ್ ಡ್ರೈವರುಗಳು, ಸಂತೆಗೆ ಬಂದವರು ಉಣ್ಣಲು ಬರುತ್ತಿದ್ದರು. ಹಿಟ್ಟು ನಾದಿ, ತಟ್ಟಿ, ಹಂಚಿಗೆ ಹಾಕಿ, ನೀರು ಸವರಿ, ಹೊರಳಿಸಿ ತೆಗೆಯುವಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು. ಕೆಲಸ ಮುಗಿದು ಕೈ ತೊಳೆದ ಕೂಡಲೇ ಮತ್ತೆ ಶುರು.

ಗದಿಗೆವ್ವ ತಿಂಗಳಿಗೊಮ್ಮೆ ಬಂದು ಅದೇ ಮಾತು ಆಡುತ್ತಿದ್ದಳು. “ಅಲ್ಲಬೇ ಸುರೇಖಾ, ಗಂಡ ಇಲ್ಲ, ಮಕ್ಕಳಿಲ್ಲ. ಈ ಮನ್ಯಾಗ ನಿಂದೇನೈತಿ? ನಡಿ ಊರಿಗೆ. ಮುದುಕಿಗೆ ಅವರ ಚರ್ಚಿನವರು ಅದಾರ.”

“ನೋಡೂಣು ಯವ್ವಾ” ಎನ್ನುತ್ತಿದ್ದಳು ಸುರೇಖಾ.

ಅವಳು ಹೋಗದೇ ಉಳಿದದ್ದು ಕಂಡು ಚರ್ಚಿನ ಹೆಂಗಸರು ಹೊಗಳಲು ಶುರುಮಾಡಿದರು. ಬೈಬಲಿನಲ್ಲಿ ಗಂಡ ಸತ್ತ ಮೇಲೂ ಅತ್ತೆಯನ್ನು ಬಿಡದ ಒಬ್ಬ ಸೊಸೆ ಇದ್ದಾಳೆ, ನೀನು ಅವಳ ಹಾಗೆ ಎಂದರು. ಸುರೇಖಾಳಿಗೆ ಇದು ಮುಳ್ಳಿನಂತೆ ಚುಚ್ಚಿತು. ಪುಣ್ಯಕ್ಕೆಂದು ಅವಳು ಉಳಿದಿರಲಿಲ್ಲ. ಒಂದು ವೇಳೆ ಅವನು ಬಂದರೆ ಯಾವ ಬಾಗಿಲು ತಟ್ಟುತ್ತಾನೆ, ಆ ಬಾಗಿಲ ಹಿಂದೆ ತಾನಿರಬೇಕಲ್ಲ ಎಂದು ಉಳಿದಿದ್ದಳು. ಬರದಿದ್ದರೆ? ಆ ಪ್ರಶ್ನೆಗೆ ಬಂದಾಗ ಯೋಚನೆ ಅಲ್ಲೇ ನಿಂತುಬಿಡುತ್ತಿತ್ತು.

ಪ್ರಭುಭೋಜನದ ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗಿ ರೊಟ್ಟಿಯ ಚೂರು, ದ್ರಾಕ್ಷಾರಸ ತೆಗೆದುಕೊಳ್ಳುವಾಗ ಅವಳು ಬೆಂಚಿನಲ್ಲೇ ಕೂರತೊಡಗಿದಳು. ಇದು ಅವನ ಮನೆಯ ಊಟ, ಅವನೇ ಇಲ್ಲದಾಗ ತಾನು ಯಾರ ಲೆಕ್ಕದಲ್ಲಿ ಹೋಗಿ ಕೈ ಒಡ್ಡುವುದು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದೂವರೆ ವರ್ಷದ ಮೇಲೆ, ಜನವರಿಯಲ್ಲಿ, ಖಾನಾವಳಿಗೆ ಗುಡದಪ್ಪನ ಫೋನು ಬಂತು. ಮೋಟೆಬೆನ್ನೂರು ದಾಟಿ ಹಾವೇರಿಯ ಕಡೆ, ಹೆದ್ದಾರಿಯ ಪಕ್ಕದ ತಗ್ಗಿನಲ್ಲಿ ಒಂದು ಹೆಣ ಸಿಕ್ಕಿತ್ತು. ಐದಾರು ದಿನ ಆಗಿರಬೇಕು. ವಯಸ್ಸು ನಲವತ್ತರ ಸುಮಾರು, ಎತ್ತರ ಹೊಂದುತ್ತದೆ. “ಆತನs ಅಂತ ನಾ ಹೇಳಾಕತ್ತಿಲ್ಲ ತಂಗೆವ್ವಾ. ಒಮ್ಮೆ ಬಂದ ನೋಡ್ರಿ.”

ಅತ್ತೆ ಸೊಸೆ ಇಬ್ಬರೂ ಹಾವೇರಿ ಬಸ್ಸು ಹತ್ತಿದರು. ಎಸ್ತೇರವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಕೈ ಹಿಡಿದು ಹತ್ತಿಸಬೇಕಾಯಿತು. ಮೋಟೆಬೆನ್ನೂರು ಬಂದಾಗ ಕಂಡಕ್ಟರನ ಕೂಗಿನಿಂದ ಗುರುತು ಹಿಡಿದು ಮುದುಕಿ ಮೊದಲ ಬಾರಿ ಬಾಯಿ ಬಿಟ್ಟಳು: “ಇಲ್ಲೇ ಇಡೂಣು ಅವನ್ನ. ಅವರಪ್ಪನ ಬಾಜೂಕ ಜಾಗಾ ಐತಿ.”

“ಅತ್ತೀ, ಇನ್ನೂ ನೋಡೇ ಇಲ್ಲ” ಎಂದಳು ಸುರೇಖಾ.

ಶವಾಗಾರದಲ್ಲಿ ಔಷಧದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೆಲಸದವನು ಬಟ್ಟೆ ಸರಿಸಿದ. ಮುಖ ನೋಡಿ ಹೇಳುವ ಹಾಗಿರಲಿಲ್ಲ. ಸುರೇಖಾ ಕಾಲಿನ ಕಡೆ ಹೋದಳು. ಪ್ರವೀಣನ ಎಡಗಾಲಿನ ಹೆಬ್ಬೆರಳ ಮೇಲೆ ಹಿಂದೊಮ್ಮೆ ಮೋಟಾರು ಬಿದ್ದು ಉಗುರು ಕಿತ್ತುಹೋಗಿತ್ತು. ಮತ್ತೆ ಬೆಳೆದದ್ದು ಸೊಟ್ಟಗೆ, ದಪ್ಪಗೆ. ಇಲ್ಲಿ ಉಗುರು ನೆಟ್ಟಗಿತ್ತು. ಅವಳು ಬಗ್ಗಿ ಮತ್ತೊಮ್ಮೆ ನೋಡಿದಳು. ಎಡಗಾಲು ಹೌದಲ್ಲ? ಹೌದು. ನೆಟ್ಟಗೇ ಇತ್ತು.

“ಇವರಲ್ಲ” ಎಂದಳು.

ಅಷ್ಟರಲ್ಲಿ ಎಸ್ತೇರವ್ವ ತಡವರಿಸುತ್ತ ಮುಂದೆ ಬಂದು ಹೆಣದ ಕಿವಿಯ ಮೇಲೆ ಬೆರಳಾಡಿಸಿ, “ಇವನs. ನನ್ನ ಮಗಾನ. ಅವರಪ್ಪನ ಕಿವಿ ಇದು” ಎಂದು ದನಿ ತೆಗೆದು ಅತ್ತುಬಿಟ್ಟಳು.

ಗುಡದಪ್ಪ ಒಬ್ಬರಿಂದ ಒಬ್ಬರಿಗೆ ಮುಖ ಹೊರಳಿಸಿದ. “ಹೌದನ್ನೂದೋ ಅಲ್ಲನ್ನೂದೋ, ಒಂದ ಮಾತ ಹೇಳ್ರಿ.”

ಆ ಒಂದು ನಿಮಿಷ ಸುರೇಖಾಳ ಬಾಯಲ್ಲಿ ‘ಹೌದು’ ಎಂಬ ಮಾತು ಬಂದು ಕುಳಿತಿತ್ತು. ಹೌದೆಂದರೆ ಎಲ್ಲ ಮುಗಿಯುತ್ತಿತ್ತು. ಬಳೆಗಾರತಿಗೆ, ಕಚೇರಿಯವರಿಗೆ, ಅವ್ವನಿಗೆ ಹೇಳಲು ಒಂದು ಉತ್ತರ ಸಿಗುತ್ತಿತ್ತು. ಅತ್ತೆ ಅಳುತ್ತಿದ್ದಾಳೆ, ಹೆತ್ತವಳಿಗೆ ಗೊತ್ತಾಗುವುದಿಲ್ಲವೇ? ಉಗುರೇನು, ಒಂದೂವರೆ ವರ್ಷದಲ್ಲಿ ನೆಟ್ಟಗಾಗಿರಬಾರದೇ? ಆದರೂ ಅವಳು, “ಅಲ್ರಿ. ಇವರಲ್ಲ” ಎಂದೇ ಹೇಳಿದಳು. ಹೇಳಿದ ಮೇಲೆ ತಾನೇ ಬಟ್ಟೆ ಎಳೆದು ಆ ಕಾಲು ಮುಚ್ಚಿದಳು.

ತಾಯಿಯ ರಕ್ತ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ ಎಂದರು. ಹೆಣವನ್ನು ಅಲ್ಲಿಯತನಕ ಇಡಲಾಗದೆ ಹಾವೇರಿಯ ಹೊರಗೆ ಗುರುತು ಸಿಗದವರನ್ನು ಹೂಳುವ ಜಾಗದಲ್ಲಿ ಹೂಳಿ, ತಗಡಿನ ಮೇಲೆ ನಂಬರು ಬರೆದು ನೆಟ್ಟರು.

ಆಮೇಲಿನ ದಿನಗಳಷ್ಟು ಗೊಂದಲದ ದಿನಗಳನ್ನು ಆ ಓಣಿ ಕಂಡಿರಲಿಲ್ಲ. ಒಂದೇ ಮನೆಯಲ್ಲಿ ತಾಯಿ ಬಿಳಿ ಸೀರೆ ಉಟ್ಟು ಮಗನಿಗಾಗಿ ದುಃಖಿಸುತ್ತಿದ್ದಳು. ಸೊಸೆ ಹಸಿರು ಬಳೆ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ನೋಡಲು ಬಂದವರು ಬಾಗಿಲಲ್ಲೇ ನಿಂತು, ಯಾರ ಮುಖ ನೋಡಿ ಮಾತಾಡುವುದು ಎಂದು ತಿಳಿಯದೆ ಒದ್ದಾಡುತ್ತಿದ್ದರು. ಪಕ್ಕದ ಮನೆಯ ಬಿಸ್ಮಿಲ್ಲಾಬಿ ಮಾತ್ರ ಯಾವುದನ್ನೂ ಕೇಳದೆ ಅನ್ನ ಸಾರು ತಂದು ಕೊಟ್ಟು, ಇಬ್ಬರಿಗೂ ಬಡಿಸಿ ಹೋದಳು.

ಎಸ್ತೇರವ್ವ ಸೊಸೆಯೊಡನೆ ಮಾತು ಬಿಟ್ಟಳು. ಸುರೇಖಾಳಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗತೊಡಗಿತು. ಸೊಟ್ಟ ಉಗುರು ಎಡಗಾಲಿನದೇ? ಬಲಗಾಲಿನದಲ್ಲವಷ್ಟೇ? ಆರು ವರ್ಷ ನೋಡಿದ ಕಾಲು. ಈಗ ಕಣ್ಣು ಮುಚ್ಚಿದರೆ ಒಮ್ಮೆ ಎಡ, ಒಮ್ಮೆ ಬಲ. ಮದುವೆಯ ಫೋಟೋದಲ್ಲಿ ಅವನು ಬೂಟು ಹಾಕಿದ್ದ.

ಜಯಶೀಲರು ಮತ್ತೆ ಡೈರಿ ಹಿಡಿದು ಬಂದರು. ಎಸ್ತೇರವ್ವ ಒಳಗಿನಿಂದಲೇ, “ಸಾವಿನ ಮನಿ ಯಾದಿಗೆ ಬರೀರಿ” ಎಂದಳು. ಸುರೇಖಾ ಹೊರಗಿನಿಂದ, “ಇದ್ದಲ್ಲೇ ಇರಲಿ” ಎಂದಳು. ಪಾಪ, ಆ ಹುಡುಗ ಆ ಭಾನುವಾರ ಯಾವ ಯಾದಿಯನ್ನೂ ಓದದೆ, ದೇವರು ಎಲ್ಲರನ್ನೂ ಬಲ್ಲನು ಎಂದಷ್ಟೇ ಹೇಳಿ ಮುಗಿಸಿದರು.

ಚರ್ಚನ್ನು ಶನಿವಾರ ಗುಡಿಸುವ ಪಾಳಿ ಮನೆ ಮನೆಗೆ ಬರುತ್ತಿತ್ತು. ಮಾರ್ಚಿನಲ್ಲಿ ಅದು ಇವರ ಮನೆಗೆ ಬಂತು. ಖಾನಾವಳಿಯ ಕೆಲಸ ಮುಗಿಸಿ, ನಾಲ್ಕರ ಬಿಸಿಲಿನಲ್ಲಿ ಸುರೇಖಾ ಒಬ್ಬಳೇ ಹೋದಳು. ಬೆಂಚು ಸರಿಸಿ ಗುಡಿಸುತ್ತ ಗಂಡಸರ ಸಾಲಿಗೆ ಬಂದಳು, ಅವನು ಕೂರುತ್ತಿದ್ದ ಬೆಂಚಿನ ಹತ್ತಿರ ಪೊರಕೆ ನಿಂತಿತು. ಅವಳು ತಿರುಗಿ ಶಿಲುಬೆಯ ಕಡೆ ನೋಡಿ, ಹೊಲದಲ್ಲಿ ಅಣ್ಣನನ್ನು ಬೈಯುವ ದನಿಯಲ್ಲೇ ಬೈಯತೊಡಗಿದಳು.

“ನಿನಗ ಗೊತ್ತೈತಿ! ಎಲ್ಲಿ ಅದಾರಂತ ನಿನಗ ಗೊತ್ತೈತಿ, ಹೇಳವಲ್ಲಿ! ಒಂದ ಮಾತ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತು? ಆ ಮುದುಕಿ ಮಾರಿ ನೋಡು. ನನ್ನ ಮಾರಿ ನೋಡು. ನಾ ನಿನ್ನ ಕರದಿದ್ನೇನು? ಅವರ ಜೋಡಿ ಬಂದಿ. ಅವರ ಹೋದ್ರು, ನೀ ಯಾಕ ಉಳದಿ?”

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳು ತಾನೇ ಬೆಚ್ಚಿದಳು. ಹೊರಗೆ ಆಟೋ ಒಂದು ಹಾರ್ನ್ ಹಾಕಿಕೊಂಡು ಹೋಯಿತು. ಶಿಲುಬೆ ಗೋಡೆಯ ಮೇಲೆ ಇದ್ದಂತೆಯೇ ಇತ್ತು, ಅದರ ಒಂದು ತೋಳಿನ ಮೇಲೆ ಜೇಡ ಬಲೆ ಕಟ್ಟಿತ್ತು. ಅವಳು ಬೆಂಚಿನ ಮೇಲೆ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ತಿಳಿದದ್ದು ಇಷ್ಟು: ಇಷ್ಟೊತ್ತು ತಾನು ಯಾರದೋ ಮನೆಯ ದೇವರಿಗೆ ಬೈದಿರಲಿಲ್ಲ. ಪರಕೀಯರ ಮೇಲೆ ಇಂಥ ಸಿಟ್ಟು ಬರುವುದಿಲ್ಲ. ಒಂದೂವರೆ ವರ್ಷ ಎಲ್ಲರೂ ಅವಳನ್ನು ಪ್ರಶ್ನೆ ಕೇಳಿದ್ದರು, ಇಲ್ಲವೇ ಸಮಾಧಾನ ಹೇಳಿದ್ದರು. ಅವಳು ಕೂಗಿದ್ದನ್ನು ಕೊನೆಯತನಕ ಕೇಳಿಸಿಕೊಂಡು ಸುಮ್ಮನಿದ್ದವನು ಇವನೊಬ್ಬ. ಅವನೂ ಒಮ್ಮೆ ಶಿಲುಬೆಯ ಮರದ ಮೇಲಿಂದ, ದೇವರೇ ನನ್ನನ್ನು ಯಾಕೆ ಬಿಟ್ಟೆ ಎಂದು ಕೂಗಿ ಉತ್ತರ ಸಿಗದೇ ಹೋದವನು ಎಂದು ಪ್ರತಿ ವರ್ಷ ಶುಭ ಶುಕ್ರವಾರ ಓದುವುದನ್ನು ಅವಳು ಕೇಳಿದ್ದಳು. ಆ ಮಾತು ಈಗ ಹೊಸದಾಗಿ ಕಿವಿಗೆ ಬಿತ್ತು. ಹಾಗಾದರೆ ಇವನಿಗೆ ತನ್ನ ಸ್ಥಿತಿ ಗೊತ್ತು.

ಗಂಡ ಎಲ್ಲಿದ್ದಾನೆಂದು ತಿಳಿಯಲಿಲ್ಲ. ಆದರೆ ಎದೆಯ ಮೇಲಿದ್ದ ಯಾವುದೋ ಭಾರವನ್ನು ಯಾರೋ ಒಂದು ಕಡೆಯಿಂದ ಎತ್ತಿ ಹಿಡಿದ ಹಾಗಾಯಿತು. ಇದು ನಂಬಿಕೆಯೋ ಬರೀ ದಣಿವೋ ಅವಳಿಗೆ ಗೊತ್ತಾಗಲಿಲ್ಲ. ಎದ್ದು ಜೇಡರ ಬಲೆ ತೆಗೆದು, ಉಳಿದ ಅರ್ಧ ಗುಡಿಸಿ ಮನೆಗೆ ಹೋದಳು. ಆ ದಿನ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಪರೀಕ್ಷೆಯ ಉತ್ತರ ಮೇ ಕೊನೆಗೆ ಬಂತು. ಗುಡದಪ್ಪ ತಾನೇ ಮನೆಗೆ ಬಂದು, ಕುಳಿತು, ನೀರು ಕುಡಿದು ಹೇಳಿದ: “ಹೊಂದಲಿಲ್ಲ ಯವ್ವಾ. ಆ ಮನಷ್ಯಾ ನಿಮ್ಮ ಮಗ ಅಲ್ಲ.”

ಸುರೇಖಾ ಅತ್ತೆಯನ್ನು ಹಿಡಿದುಕೊಳ್ಳಲು ಕೈ ಚಾಚಿದಳು. ಮುದುಕಿ ಬೀಳಲಿಲ್ಲ. ಹೌದೆಂಬಂತೆ ತಲೆ ಅಲ್ಲಾಡಿಸಿದಳು. ಗುಡದಪ್ಪ ಹೋದ ಮೇಲೆ, ಎಷ್ಟೋ ತಿಂಗಳ ನಂತರ ಮೊದಲ ಸಲ, ಸೊಸೆಯ ಹೆಸರು ಹಿಡಿದು ಕರೆದಳು.

“ಸುರೇಖಾ, ನನಗ ಗೊತ್ತಿತ್ತು.”

“ಏನ್ ಗೊತ್ತಿತ್ತರಿ ಅತ್ತೀ?”

“ಅಂವ ಅಲ್ಲಂತ. ಕಿವಿ ಮುಟ್ಟಿದ ಕೂಡ್ಲೆ ಗೊತ್ತಾತು. ನನ್ನ ಮಗನ ಕಿವಿ ನನಗ ಗೊತ್ತಿಲ್ಲೇನವಾ?”

“ಮತ್ತ ಹೌದಂತ ಯಾಕ ಅಂದ್ರಿ?”

ಎಸ್ತೇರವ್ವ ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು. “ಸಾಕಾಗಿತ್ತು. ಕುಂತು ಅಳಾಕ ಒಂದ ಜಾಗಾ ಬೇಕಾಗಿತ್ತು ನನಗ. ಮಣ್ಣ ಐತಿ, ಇಲ್ಲೇ ಅದಾನ ಅಂತ ಅನ್ನಾಕ ಒಂದ ಜಾಗಾ. ದೇವರ ಮನೀಗೆ ಹೋಗಿ ಹೋಗಿ ಕಣ್ಣ ಹೋದ್ವು, ಆ ಜಾಗಾ ಸಿಗಲಿಲ್ಲ. ಸುಳ್ಳು ಹೇಳಿದ್ನಿ. ಮೂರ ತಲಿಯಿಂದ ನಂಬಿದಾಕಿ ನಾ, ಹೆಣದ ಮುಂದ ಸುಳ್ಳು ಹೇಳಿದ್ನಿ.”

ಸುರೇಖಾ ಅವಳ ಪಕ್ಕದಲ್ಲಿ ಕುಳಿತಳು. ಅತ್ತೆ ಎಂದರೆ ಅಲುಗಾಡದ ಗೋಡೆ ಎಂದು ಅವಳು ಎಂಟು ವರ್ಷ ತಿಳಿದಿದ್ದಳು. ಆ ಗೋಡೆ ತನ್ನಷ್ಟೇ ದಿಕ್ಕು ತಪ್ಪಿತ್ತೆಂದು ಕೇಳಿ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಪ್ರೀತಿ.

“ನಾನೂ ಹೌದಂತ ಅನ್ನಾಕಿದ್ದೆ ಅತ್ತೀ. ಬಾಯಿತನಕಾ ಬಂದಿತ್ತು.”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅತ್ತು ಸಾಕಾದ ಮೇಲೆ ಎಸ್ತೇರವ್ವ ಮೂಗೊರೆಸಿಕೊಂಡು, “ಅಲ್ಲ, ಹಂಗಾರ ಅಂವ ಯಾರು? ಪಾಪ, ಅವನ ಮನಿಯವರು ಎಲ್ಲೋ ಕಾಯಾಕತ್ತಿರಬೇಕಲ್ಲ?” ಎಂದಳು.

ಅದು ಇಬ್ಬರಿಗೂ ಇಷ್ಟು ದಿನ ಹೊಳೆದೇ ಇರಲಿಲ್ಲ.

ಜೂನಿನಲ್ಲಿ ಒಂದೆರಡು ಮಳೆ ಆದ ಮೇಲೆ ಇಬ್ಬರೂ ಜಯಶೀಲರನ್ನು ಕರೆದುಕೊಂಡು ಹಾವೇರಿಗೆ ಹೋದರು. ಗುಡದಪ್ಪ ಜಾಗ ತೋರಿಸಿದ. ಮಣ್ಣಿನ ದಿಬ್ಬ ಕುಸಿದು ಹುಲ್ಲು ಎದ್ದಿತ್ತು, ತಗಡು ಒಂದು ಕಡೆ ವಾಲಿತ್ತು. ಸುರೇಖಾ ಅದನ್ನು ನೆಟ್ಟಗೆ ಮಾಡಿ ಬುಡಕ್ಕೆ ಕಲ್ಲು ಒತ್ತಿದಳು. ಎಸ್ತೇರವ್ವ ತಂದ ಹೂವನ್ನು ಕೈಯಿಂದ ತಡವಿ ಇಟ್ಟಳು. ಅವನು ಯಾವ ಜಾತಿಯೋ, ಯಾವ ಮತವೋ, ಏನೆಂದು ಪ್ರಾರ್ಥಿಸುವುದೋ ತಿಳಿಯದೆ ಜಯಶೀಲರು ಪುಸ್ತಕದ ಹಾಳೆ ತಿರುವುತ್ತಿದ್ದರು. ಎಸ್ತೇರವ್ವ ತಡಕಾಡಿ ಸೊಸೆಯ ಕೈ ಹಿಡಿದಳು.

ಆಗ ಸುರೇಖಾ ಪ್ರಾರ್ಥಿಸಿದಳು. ಮಂದಿಯ ಮುಂದೆ ಅವಳು ದನಿ ತೆಗೆದದ್ದು ಅದೇ ಮೊದಲು.

“ಯಪ್ಪಾ, ಇಂವ ಯಾರಂತ ನಮಗ ಗೊತ್ತಿಲ್ಲ. ನಿನಗ ಗೊತ್ತೈತಿ. ಇವನ ಅವ್ವ ಇದ್ರ ಆಕಿಗೆ ಇವತ್ತ ನಿದ್ದಿ ಕೊಡು. ಇವನ್ನ ಒಬ್ಬಾಂವನs ಬಿಟ್ಟಿಲ್ಲ, ನಾವ್ ಮೂರ ಮಂದಿ ಬಂದೇವಿ. ನಮ್ಮವರು ಎಲ್ಲಿ ಅದಾರೋ, ಜೀವಂತ ಅದಾರೋ ಇಲ್ಲೋ, ಅಲ್ಲೂ ಯಾರನ್ನರ ಕಳಸು. ಹಸದಿದ್ರ ಒಂದ ರೊಟ್ಟಿ ಕೊಡೋರ್ನ ಕಳಸು. ತೀರಿದ್ರ ಒಂದ ಹೂ ಇಡೋರ್ನ ಕಳಸು. ಅಷ್ಟs.”

“ಆಮೆನ್” ಎಂದರು ಜಯಶೀಲ. ಸ್ವಲ್ಪ ದೂರ ನಿಂತಿದ್ದ ಗುಡದಪ್ಪನೂ ಟೊಪ್ಪಿಗೆ ತೆಗೆದಿದ್ದ.

ಬಸ್ಸಿನಲ್ಲಿ ಬರುವಾಗ ಎಸ್ತೇರವ್ವ ಸೊಸೆಯ ಭುಜಕ್ಕೆ ಒರಗಿ ನಿದ್ದೆ ಹೋದಳು. ಸುರೇಖಾ ಕಿಟಕಿಯಾಚೆ ನೋಡುತ್ತ ಕುಳಿತಳು. ಎಲ್ಲ ಮೊದಲಿನ ಹಾಗೇ ಇತ್ತು. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲ, ಅದು ಈಗಲೂ ಅಷ್ಟೇ. ಆದರೆ ಆ ಗೊತ್ತಿಲ್ಲದ ಜಾಗದಲ್ಲಿ ತಾನು ಒಬ್ಬಳೇ ನಿಂತಿಲ್ಲ ಎಂದು ಅನ್ನಿಸಿತು. ಬ್ಯಾಡಗಿ ತಿರುವಿನಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಹೆಂಗಸರು ಹತ್ತಿದರು. ಬಸ್ಸಿನಲ್ಲೆಲ್ಲ ಘಾಟು ಹರಡಿ ಎಲ್ಲರೂ ಸೀನತೊಡಗಿದರು. ಎಸ್ತೇರವ್ವ ಸೀನಿ ಎಚ್ಚರಾಗಿ, “ಊರ ಬಂತೇನ?” ಎಂದು ಕೇಳಿದಳು.

ಮುಂದಿನ ಪ್ರಭುಭೋಜನದ ಭಾನುವಾರ ಸುರೇಖಾ ಎದ್ದು ಮುಂದೆ ಹೋಗಿ ಕೈ ಒಡ್ಡಿದಳು.

ಇದೆಲ್ಲ ಆಗಿ ವರ್ಷ ದಾಟಿದೆ. ಪ್ರವೀಣಕುಮಾರ ಬಂದಿಲ್ಲ. ಸುದ್ದಿಯೂ ಇಲ್ಲ. ಎಸ್ತೇರವ್ವನ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದಕ್ಕೆ ದೀಪಾವಳಿಯ ನಂತರ ಬರಲು ಹೇಳಿದ್ದಾರೆ. ಗದಿಗೆವ್ವ ಈಗಲೂ ತಿಂಗಳಿಗೊಮ್ಮೆ ಬರುತ್ತಾಳೆ, ಊರಿಗೆ ನಡೆ ಎನ್ನುತ್ತಾಳೆ, ರಾತ್ರಿ ಉಳಿದು ಬೀಗಿತ್ತಿಯ ಜೊತೆ ಎಲೆಅಡಿಕೆ ಹಾಕಿಕೊಂಡು ಹರಟೆ ಹೊಡೆಯುತ್ತಾಳೆ. ಸುರೇಖಾಳ ಗೊಂದಲ ಹೋಗಿಲ್ಲ. ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಎದೆ ಹಿಂಡುತ್ತದೆ, ಆಗ ಒಲೆಯ ಮುಂದೆಯೇ ದೇವರಿಗೆ ನಾಲ್ಕು ಮಾತು ಬೈದು, ನಾಲ್ಕು ಮಾತು ಬೇಡಿಕೊಂಡು ಕೆಲಸಕ್ಕೆ ಹೊರಡುತ್ತಾಳೆ.

ಹೋದ ತಿಂಗಳು ಗುಡದಪ್ಪ ಒಬ್ಬ ಹುಡುಗಿಯನ್ನು ಖಾನಾವಳಿಗೆ ಕಳಿಸಿದ್ದ. ದಿಲನಾಜ ಎಂದು ಹೆಸರು. ಅವಳ ಅಣ್ಣ ಮನೆ ಬಿಟ್ಟು ಹೋಗಿ ನಾಲ್ಕು ತಿಂಗಳಾಗಿತ್ತು. ಒಲೆಯ ಹತ್ತಿರ ನಿಂತು, ಬುರ್ಖಾದ ತುದಿ ಕೈಯಲ್ಲಿ ಹಿಂಡುತ್ತ ಕೇಳಿದಳು:

“ಅಕ್ಕಾ, ಬರ್ತಾನಂತ ತಿಳ್ಕೊಳ್ಲೋ, ಹೋದಾ ಅಂತ ತಿಳ್ಕೊಳ್ಲೋ? ನೀವ್ ಹೆಂಗ ತಿಳ್ಕೊಂಡ್ರಿ?”

“ನನಗ ಇನ್ನೂ ತಿಳದಿಲ್ಲವಾ” ಎಂದಳು ಸುರೇಖಾ. “ಮೂರ ವರ್ಷಾತು.”

ಹುಡುಗಿಯ ಮುಖ ಕಂದಿತು. ಸುರೇಖಾ ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅವಳನ್ನು ಮಣೆಯ ಮೇಲೆ ಕೂರಿಸಿದಳು.

“ಖರೇ ಹೇಳ್ತೇನಿ. ಯೇಸಪ್ಪನ ಹತ್ರ ಅಳೂದು ಕಲತೆ ನಾ, ಅದರಿಂದ ಉಳದೆ. ಅಂವ ಉತ್ತರಾ ಹೇಳಲಿಲ್ಲ, ಆದ್ರ ಎದ್ದೂ ಹೋಗಲಿಲ್ಲ. ನೀ ನಿಮ್ಮ ದೇವರ ಹತ್ರ ಅಳು. ಇಲ್ಲಂದ್ರ ಇಲ್ಲಿ ಬಂದ ಅಳು, ಮೂರ ಗಂಟೇದ ಮ್ಯಾಲ ನಾ ಖಾಲಿ ಇರ್ತೇನಿ. ಪೋಲೀಸರು ಎಲ್ಲಿಗರ ಕರದ್ರ ಒಬ್ಬಾಕಿನs ಹೋಗಬ್ಯಾಡ, ನನಗ ಫೋನ್ ಮಾಡು. ಈಗ ಮೊದಲ ಊಟಾ ಮಾಡು. ಮುಂಜಾನಿಂದ ಏನೂ ತಿಂದಿಲ್ಲಲ್ಲ ನೀ?”

ದಿಲನಾಜ ಇಲ್ಲವೆಂದು ತಲೆ ಆಡಿಸಿದಳು. ಸುರೇಖಾ ಹಂಚಿನಿಂದ ಬಿಸಿ ರೊಟ್ಟಿ ತೆಗೆದು, ಬದನೆಕಾಯಿ ಪಲ್ಯ ಹಾಕಿ ತಾಟು ಮುಂದಿಟ್ಟಳು. ಹುಡುಗಿ ಎರಡು ರೊಟ್ಟಿ ತಿಂದಳು. ಮೂರನೆಯದು ಬೇಡ ಎಂದಳು, ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ಇಸಿದುಕೊಂಡಳು.